ದ್ರಾಕ್ಷಿಗೆ ಹೇಳಿದ್ದು

“ಮಾರ್ತಮ್ಮನಂತೆ, ಮಾರ್ತಮ್ಮ! ತಲೆ ಮ್ಯಾಲೆ ಒಂದ್ ಚೊಂಬು ನೀರು ಸುರ್ದ್‌ಬುಟ್ರೆ ಹೆಸ್ರು ಬದ್ಲಾಯ್ತದೇನೇ? ಯಾವತ್ತಿದ್ರೂ ನೀನು ಓಬಿನೇ ಕಣೇ. ಮಂಕ್ರಿ ಇಳ್ಸು, ಕಳ್ ಮುಂಡೆ!”

ಬಿಳಿಗೆರೆಯ ತೆಂಗಿನ ತೋಟದ ಯಜಮಾನ ಕರಿಬಸವಯ್ಯ, ಹೊಸದಾಗಿ ಕ್ರೈಸ್ತಳಾಗಿದ್ದ ಓಬಮ್ಮನ ಮಂಕರಿಯನ್ನು ಕಿತ್ತು ಒದ್ದ. ತೆಂಗಿನ ಚಿಪ್ಪುಗಳು ಅಂಗಳದ ತುಂಬ ಚೆಲ್ಲಾಡಿದವು. ಅಟ್ಟದಲ್ಲಿ ವರ್ಷ ಒಣಗಿದ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಹೆಂಗಸರು, ಸಂಜೆ ಆ ಚಿಪ್ಪನ್ನು ಒಲೆಗೆ ಹೊತ್ತೊಯ್ಯುವುದು ಅಜ್ಜಿಯರ ಕಾಲದ ಪದ್ಧತಿ. ಈಗ ಊರಿಗೆ ಚಿಪ್ಪು ಕೊಂಡು ಇದ್ದಿಲು ಮಾಡುವವರ ಲಾರಿ ಬರತೊಡಗಿತ್ತು. ಲಾರಿ ಬಂದದ್ದೇ ತಡ, ಚಿಪ್ಪೂ ಯಜಮಾನರದಾಯಿತು. ಓಬಮ್ಮನ ಮನೆಯಲ್ಲಿ ರಾಗಿಹಿಟ್ಟಿತ್ತು, ಮುದ್ದೆ ಬೇಯಿಸಲು ಉರಿಯಿರಲಿಲ್ಲ. ಉರಿಯುತ್ತಿದ್ದದ್ದು ಅವಳ ಹೊಟ್ಟೆ ಮಾತ್ರ.

ಅಷ್ಟರಲ್ಲಿ ಜೀಪು ಬಂತು. ತುಮಕೂರಿನ ಪಾದ್ರಿ ಸುವಾರ್ತಪ್ಪನವರು ಸರಳ ಜೀವನದ ಉಪದೇಶ ಮಾಡುತ್ತ ಊರೂರು ತಿರುಗುತ್ತಿದ್ದರು. ಕೇರಿಯ ಹೆಂಗಸರೆಲ್ಲ ಇಲ್ಲೇ ಕೂಲಿಗಿದ್ದದ್ದರಿಂದ ಇಲ್ಲಿಗೇ ಬಂದಿದ್ದರು. ಉಪದೇಶದ ವಿಷಯ ಕೇಳಿ ಕರಿಬಸವಯ್ಯನಿಗೆ ಖುಷಿಯೋ ಖುಷಿ. ಕುರ್ಚಿ ಹಾಕಿಸಿದ, ಎಳನೀರು ಕೊಚ್ಚಿಸಿದ.

“ಆಸೆ ಕಮ್ಮಿ ಮಾಡ್ಕಳಿ ಅಂತ ಚೆನ್ನಾಗಿ ಹೇಳಿ ಸ್ವಾಮಿ. ಇವಕ್ಕೆ ದುರಾಸೆ ಜಾಸ್ತಿ.”

ಪಾದ್ರಿಗಳು ಹೇಳಿದರು. ಭೂಮಿ ದೇವರದು, ಮರ ಕಡಿಯಬೇಡಿ ಎಂದರು. ಎರಡು ಅಂಗಿಯಿದ್ದವರು ಒಂದನ್ನು ಇಲ್ಲದವರಿಗೆ ಕೊಡಿ ಎಂದರು. ಇರುವ ಒಂದೇ ಸೀರೆಯನ್ನು ಉಟ್ಟುಕೊಂಡೇ ಅರ್ಧರ್ಧ ಒಗೆಯುವ ರಂಗಕ್ಕ, ಇದನ್ನು ಯಾರಿಗೆ ಹೇಳುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದಳು.

ಓಬಮ್ಮ ಎದ್ದು ನಿಂತಳು. “ನಾವು ಮರ ಕಡಿಯಾಕಿಲ್ಲ ಅಯ್ನೋರೆ, ಚಿಪ್ಪೇ ಸಾಕು. ಅದ್ನೂ ಕಿತ್ಕಂಡವ್ರೆ. ಅದ್ಕೇನೈತೆ ನಿಮ್ ಪುಸ್ತಕ್ದಾಗೆ?”

ಪಾದ್ರಿಗಳ ಮುಖ ಅರಳಿತು. ಹಾಳೆ ತಿರುವಿ ಓದಿದರು: ತೋಟದಲ್ಲಿ ಉದುರಿದ ಹಣ್ಣನ್ನು ಒಡೆಯ ಆರಿಸಿಕೊಳ್ಳಬಾರದು, ಬಡವರಿಗೂ ಪರದೇಶಿಗಳಿಗೂ ಬಿಡಬೇಕು.

ಕರಿಬಸವಯ್ಯನ ಮುಖ ಕಪ್ಪಿಟ್ಟಿತು. “ಏನ್ ಹಣ್ಣು ಸ್ವಾಮಿ ಅದು?”

“ದ್ರಾಕ್ಷಿ.”

“ಹಂಗನ್ನಿ ಮತ್ತೆ! ಇದು ತೆಂಗಿನ ತೋಟ ಕಣ್ರೀ.”

ಪಾದ್ರಿಗಳು ಪುಸ್ತಕ ನೋಡಿದರು, ಕೈಯಲ್ಲಿದ್ದ ಎಳನೀರು ನೋಡಿದರು. “ದ್ರಾಕ್ಷಿ ಅಂತಲೇ ಇದೆ, ನಿಜ,” ಎಂದು ಮೆಲ್ಲಗೆ ಅಂದು, ಎಳನೀರು ಮುಗಿಸಿ ಜೀಪು ಹತ್ತಿದರು.

ಓಬಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. ದೇವರು ತಿಪಟೂರು ಸೀಮೆಗೆ ಬಂದೇ ಇರಲಿಲ್ಲವೇನೋ. ಒಡೆಯದ ಕಾಯಿ ರಾಶಿ ಇನ್ನೂ ಉಳಿದಿತ್ತು; ಕೂತು ಮಚ್ಚು ಹಿಡಿದಳು. ಚಿಪ್ಪಿಗೆ ಬೀಳುವ ಏಟು ಹದವಾಗಿರಬೇಕು. ಒಳಗಿನ ಕೊಬ್ಬರಿ ಉಂಡೆಯಾಗಿಯೇ ಬಂದರೆ ಕೊಬ್ಬರಿ ಮಂಡಿಯಲ್ಲಿ ರಾಜಮರ್ಯಾದೆ, ಹೋಳಾದರೆ ಅಗ್ಗದ ಬೆಲೆಗೆ ಗಾಣಕ್ಕೆ. ಓಬಮ್ಮ ಮಚ್ಚನ್ನು ತಲೆಗಿಂತ ಮೇಲೆತ್ತಿ ಬೀಸಿದಳು. ಉಂಡೆ ಎರಡು ಹೋಳಾಯಿತು.

“ಅಯ್ಯಯ್ಯೋ! ಏನೇ ಮಾಡ್ದೆ, ಲೌಡಿ?”

“ಕೈ ಸೋತೈತೆ ಬುದ್ದಿ. ಮೊನ್ನೆಯಿಂದ ಮುದ್ದೆ ಕಂಡಿಲ್ಲ.” ಇನ್ನೊಂದೂ ಹೋಳಾಯಿತು.

“ಏಳೇ ಮ್ಯಾಕೆ! ರಂಗಿ, ನೀನ್ ಒಡಿ ನೆಟ್ಟಗೆ.”

“ಆಗ್ಲಿ ಬುದ್ದಿ,” ಎಂದು ರಂಗಕ್ಕ ಬಹಳ ವಿನಯದಿಂದ ಹೊಡೆದಳು. ಅವಳದೂ ಹೋಳು. “ಅಯ್, ನಂಗೂ ಸೋತೈತೆ!”

ಸಾಲಿನಲ್ಲಿದ್ದ ಹೆಂಗಸರೆಲ್ಲ ಒಂದೊಂದು ಕಾಯಿ ಮುಂದಿಟ್ಟುಕೊಂಡು ಮಚ್ಚೆತ್ತಿದರು. ಕರಿಬಸವಯ್ಯ ಕಾಯಿ ರಾಶಿಗೆ ಅಡ್ಡ ಹೋಗಿ ಎರಡೂ ಕೈ ಚಾಚಿ ನಿಂತ.

“ಉಂಡೆ ಬೇಕೋ, ಚಿಪ್ಪು ಬೇಕೋ ಹೇಳ್ಬುಡಿ ಬುದ್ದಿ,” ಎಂದಳು ಓಬಮ್ಮ. “ಎಲ್ಡೂ ಸಿಗಾಕಿಲ್ಲ.”

ಅವನು ಕಾಯಿ ರಾಶಿ ನೋಡಿದ, ಅಂಗಳದಲ್ಲಿ ಚೆಲ್ಲಿದ್ದ ಚಿಪ್ಪು ನೋಡಿದ. ಯಾರೂ ಮಚ್ಚು ಇಳಿಸಲಿಲ್ಲ.