ಷರಾ ಕಾಲಮಿನ ‘ಎಲ್ಲೆ’

ದೇಯಿಯ ಬಾಯಿ ಜೋರು ಅಂತ ನಮ್ಮ ಉಪಕರಣ ಕೇಂದ್ರಕ್ಕೆ ಬರುವವರೆಲ್ಲ ಹೇಳ್ತಾರೆ. ಹೇಳಲಿ. ಇಡೀ ಜಿಲ್ಲೆಗೆ ಇರುವುದು ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪು, ಅದಕ್ಕೆ ಕಾಯುವವರು ಎಲ್ಲ ಊರಿನ ಕಾಲೇಜಿನವರು. ಸ್ಯಾಂಪಲ್ಲನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡು ಘಟ್ಟದ ಮೇಲಿನಿಂದಲೂ ಬಸ್ಸಿನಲ್ಲಿ ಬರ್ತಾರೆ. ಒಬ್ಬರಿಗೆ ಮೂರು ಗಂಟೆ. ಗಂಟೆ ಮುಗಿದರೆ ಪ್ರೊಫೆಸರನ್ನೂ ಏಳಿಸುವವಳು ನಾನು. ಬಾಯಿ ಜೋರಿಲ್ಲದಿದ್ದರೆ ಅಲ್ಲಿ ಸಂತೆಯೇ.

ಬಾಗಿಲ ಹತ್ತಿರ ಒಂದು ದಪ್ಪ ಪುಸ್ತಕ ಉಂಟು. ಹೆಸರು, ಊರು, ಸ್ಯಾಂಪಲು, ಕೊನೆಗೆ ಷರಾ. ಯಂತ್ರದ ಹೊಟ್ಟೆಯೊಳಗೆ ಗಾಳಿಯ ಸುಳಿವೂ ಇರಬಾರದು. ನಮ್ಮ ಮಂಗಳೂರಿನ ಉಪ್ಪುಗಾಳಿಗೆ ಅದರ ರಬ್ಬರು ಬೇಗ ಹಾಳಾಗ್ತದೆ, ಗಾಳಿ ನುಗ್ತದೆ, ಆ ದಿನದ ಕೆಲಸ ನಿಲ್ತದೆ. ಆಗ ನಮ್ಮ ಮೆಕ್ಯಾನಿಕ್ ಬೊನಿಫಾಸ್ ಅವತ್ತಿನ ಹೆಸರುಗಳ ಮುಂದೆ ‘ಎಲ್ಲೆ’ ಅಂತ ಬರೀತಾರೆ. ತುಳುವಿನಲ್ಲಿ ಎಲ್ಲೆ ಅಂದರೆ ನಾಳೆ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಕಾಲೇಜಿನಿಂದ ಸ್ಯಾಂಪಲ್ ತರುವ ಉಮರಬ್ಬ ಮಾಸ್ಟ್ರದ್ದು ಬ್ಯಾರಿ ಭಾಷೆ. ಆದರೆ ಎಲ್ಲೆ ಅಂದರೆ ಎಲ್ಲರಿಗೂ ನಾಳೆಯೇ. ನಾನೂ ಹಾಗೇ ಬರೀತಿದ್ದೆ.

ಎಂಬತ್ತನಾಲ್ಕರಲ್ಲಿ ಚಿತ್ತರಂಜನ ಬಂದ. ಬಂಟರ ಹುಡುಗ, ತಂದೆಯದ್ದು ಹುಬ್ಬಳ್ಳಿಯಲ್ಲಿ ಹೋಟೆಲು. ಅವನು ಹುಟ್ಟಿ ಬೆಳೆದದ್ದೂ ಅಲ್ಲೇ. ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುವುದು ಅವನ ಸಂಶೋಧನೆ. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಕಣ ಸಾಲಾಗಿ ಕೂರಬೇಕು. ಕೂತಿದ್ದಾವಾ ಇಲ್ಲವಾ ನೋಡ್ಲಿಕ್ಕೆ ನಮ್ಮ ಯಂತ್ರವೇ ಬೇಕು. ಹಾಗಾಗಿ ತಿಂಗಳಿಗೊಮ್ಮೆ, ಮೊದಲ ಶನಿವಾರ ಬರ್ತಿದ್ದ.

ನನ್ನ ಹತ್ತಿರ ಹುಬ್ಬಳ್ಳಿ ಕನ್ನಡದಲ್ಲಿ ಮಾತಾಡ್ತಿದ್ದ, ನಾನೂ ಕನ್ನಡದಲ್ಲೇ ಉತ್ತರ ಕೊಡ್ತಿದ್ದೆ. ಬೊನಿಫಾಸ್ ತುಳುವಿನಲ್ಲಿ ಎಂತ ಕೇಳಿದರೂ ‘ಅಂದ್’, ಅಂದರೆ ಹೌದು, ಅಂತ ನಗ್ತಿದ್ದ. ಬಂಟರ ಹುಡುಗನಿಗೆ ತುಳು ಬರುವುದಿಲ್ಲ ಅಂತ ಯಾರು ನೆನೆಸ್ತಾರೆ?

ಒಂದು ವಿಚಿತ್ರ ಎಂತ ಅಂದರೆ, ಅವನು ಬಂದ ದಿನ ಯಂತ್ರ ಕೈಕೊಡ್ತಿರಲಿಲ್ಲ. ಎರಡು ವರ್ಷದಲ್ಲಿ ಅವನ ಹೆಸರಿನ ಮುಂದೆ ಒಮ್ಮೆಯೂ ಎಲ್ಲೆ ಬೀಳಲಿಲ್ಲ. “ಯಂತ್ರಕ್ಕೂ ಇವನ ಮೇಲೆ ಮನಸ್ಸುಂಟು ಮಾರಾಯ್ತಿ” ಅಂತ ಬೊನಿಫಾಸ್ ನನ್ನನ್ನು ನೋಡಿಯೇ ಹೇಳ್ತಿದ್ದರು. ಒಮ್ಮೆ ಚಿತ್ತರಂಜನ ಪುಸ್ತಕ ತಿರುವಿ, “ಏನ್ರೀ, ಎಲ್ಲಾರ ಮುಂದ ಎಲ್ಲೆ ಎಲ್ಲೆ ಅಂತ ಐತಿ, ನನಗ ಮಾತ್ರ ಇಲ್ಲ?” ಅಂತ ಕೇಳಿದ. “ಹಳೆ ಯಂತ್ರ ಅಲ್ವಾ, ಎಂತ ಮಾಡುವುದು. ನಿಮ್ಮ ಅದೃಷ್ಟ” ಅಂದೆ. ಇಬ್ಬರೂ ನಕ್ಕೆವು.

ನನಗೆ ಅವನ ಮೇಲೆ ಆಸೆ ಇತ್ತು. ಸುಳ್ಳು ಹೇಳುವುದು ಎಂತಕ್ಕೆ? ಬಾಗಿಲು ಹಾಕಿ, ದೀಪ ಆರಿಸಿ, ಆ ಹಸಿರು ಪರದೆಯ ಮುಂದೆ ಇಬ್ಬರೇ ಕೂತು ಮೂರು ಗಂಟೆ ಕಳೆಯಬೇಕು. ಮೊದಲ ಸಲ ಕಣ ಕಂಡ ದಿನ ಅವನು “ಅದಾವು” ಅಂತ ಮೆಲ್ಲ ಹೇಳಿ ನನ್ನ ಕೈ ಹಿಡಿದ. ನಾನು ಫೋಟೋ ತೆಗೆಯುವುದನ್ನೇ ಮರೆತೆ. ಆಮೇಲೆ ತಿಂಗಳಿಡೀ ಕಂಕನಾಡಿಯಲ್ಲಿ ಬಸ್ಸಿಗೆ ನಿಂತಾಗೆಲ್ಲ ಆ ಕೈಯನ್ನೇ ನೋಡಿಕೊಳ್ತಿದ್ದೆ.

ಆದರೆ ನಾವು ಬಿಲ್ಲವರು. ನನ್ನ ಅಜ್ಜ ಬಂಟರ ಗದ್ದೆಯಲ್ಲಿ ಗೇಣಿ ಮಾಡಿದವರು. ಬಾಯಿ ಎಷ್ಟು ಜೋರಿದ್ದರೂ ಆ ಮಾತನ್ನು ನಾನಾಗಿ ತೆಗೆಯುವ ಧೈರ್ಯ ಬರಲಿಲ್ಲ.

ಎಂಬತ್ತಾರರ ಒಂದು ಶನಿವಾರ ಅವನೇ ತೆಗೆದ. ನಾನು ಉಮರಬ್ಬ ಮಾಸ್ಟ್ರ ಸ್ಯಾಂಪಲ್ ಹಾಕಿ ಕತ್ತಲೆಯಲ್ಲಿ ಕೂತಿದ್ದೆ. ಬೊನಿಫಾಸ್ ಒಳಗೆ ಬಂದು ಒಂದು ಮಡಚಿದ ಚೀಟಿ ಕೊಟ್ಟರು. ಹಸಿರು ಬೆಳಕಿಗೆ ಹಿಡಿದು ಓದಿದೆ. ‘ನಿಮ್ಮ ಮನೆಗೆ ಬಂದು ನಮ್ಮಿಬ್ಬರ ವಿಷಯ ನಿಮ್ಮ ತಾಯಿಯವರ ಹತ್ತಿರ ಮಾತಾಡಬಹುದೇ? ಉತ್ತರ ಇದರಲ್ಲೇ ಬರೆಯಿರಿ.’

ಪಕ್ಕದಲ್ಲೇ ಮಾಸ್ಟ್ರು. ಎದ್ದು ಹೋಗುವ ಹಾಗಿಲ್ಲ. ಅಮ್ಮನ ಹತ್ತಿರ ಹೇಳುವ ವಿಷಯ ಕನ್ನಡದಲ್ಲಿ ಬರೀಲಿಕ್ಕೆ ನನಗೆ ಮನಸ್ಸೂ ಬರಲಿಲ್ಲ. ಪೆನ್ಸಿಲಿನಲ್ಲಿ ‘ಎಲ್ಲೆ’ ಅಂತ ಬರೆದೆ. ಖುಷಿಗೆ ಅದರ ಕೆಳಗೆ ಎರಡು ಗೆರೆಯನ್ನೂ ಎಳೆದು, ಚೀಟಿಯನ್ನು ಬೊನಿಫಾಸರ ಕೈಯಲ್ಲೇ ವಾಪಸ್ ಕಳಿಸಿದೆ. ನಾನು ಹೊರಗೆ ಬರುವಾಗ ಅವನು ಹೋಗಿಯಾಗಿತ್ತು. ನಾಳೆಗೆ ತಯಾರಾಗ್ಲಿಕ್ಕೆ ಹೋಗಿರಬೇಕು ಅಂದುಕೊಂಡೆ.

ಆದಿತ್ಯವಾರ ಶಕ್ತಿನಗರದ ನಮ್ಮ ಮನೆಯಲ್ಲಿ ಕೋಳಿ ಕೊಯ್ದರು. ಅಮ್ಮ ಬೆಳಿಗ್ಗೆಯೇ ಅಂಗಳ ಸಾರಿಸಿ, ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಉಟ್ಟರು. ಮೂರು ಗಂಟೆಯವರೆಗೆ ಯಾರೂ ಊಟ ಮಾಡಲಿಲ್ಲ. ಆಮೇಲೆ ಅಮ್ಮ ನನಗೆ ಬಡಿಸಿದರು.

ಅವನು ಮತ್ತೆ ಬರಲಿಲ್ಲ. ಸ್ಯಾಂಪಲ್ ಅಂಚೆಯಲ್ಲಿ ಬಂತು, ಜೊತೆಗೆ ಅವನ ಗೈಡಿನ ಪತ್ರ. ನಾನು ಫೋಟೋ ತೆಗೆದು ಅಂಚೆಯಲ್ಲೇ ಕಳಿಸಿದೆ. ಬಂಟರ ಮಗನಿಗೆ ಬಸ್ ಸ್ಟ್ಯಾಂಡಿನಲ್ಲಿ ಜಾತಿ ನೆನಪಾಯ್ತು ಅಂತ ಬೈದುಕೊಂಡೆ. ಬೈದರೂ ಪ್ರತಿ ತಿಂಗಳ ಮೊದಲ ಶನಿವಾರ ಒಳ್ಳೆ ಸೀರೆ ಉಟ್ಟುಕೊಂಡೇ ಹೋಗ್ತಿದ್ದೆ. ನಾಚಿಕೆ ಆಗ್ತದೆ ಹೇಳ್ಲಿಕ್ಕೆ, ಎರಡು ವರ್ಷ ಹಾಗೆ ಮಾಡಿದೆ.

ಮೊನ್ನೆ ಅವನ ಪ್ರಬಂಧ ಬಂತು. ಯಂತ್ರ ಬಳಸಿದವರು ಒಂದು ಪ್ರತಿ ಕೇಂದ್ರಕ್ಕೆ ಕೊಡಬೇಕು ಅಂತ ನಿಯಮ. ಎಲ್ಲ ಇಂಗ್ಲಿಷು. ಮೊದಲ ಪುಟದಲ್ಲಿ ಹೆಂಡತಿ ಆಶಾಲತಾಳಿಗೆ ಅರ್ಪಣೆ. ರಟ್ಟಿನ ಒಳಗೆ ಮಾತ್ರ ಕನ್ನಡದಲ್ಲಿ, ಅವನದೇ ಕೈಬರಹ: ‘ದೇಯಿಯವರಿಗೆ. ನನ್ನ ಎಲ್ಲೆ ಯಾವುದೆಂದು ಒಂದೇ ಮಾತಿನಲ್ಲಿ ತಿಳಿಸಿದಿರಿ. ಅದನ್ನು ದಾಟಲು ಹೋದದ್ದಕ್ಕೆ ಕ್ಷಮೆ ಇರಲಿ.’

ನಾಳೆಯನ್ನು ದಾಟುವುದು ಅಂದರೆ ಎಂತ ಅಂತ ನನಗೆ ನಗು ಬಂತು. ಇನ್ನೊಮ್ಮೆ ಓದಿದೆ. ಈ ಸಲ ಕನ್ನಡದಲ್ಲಿ ಓದಿದೆ. ಪ್ರಬಂಧ ಹಿಡಿದುಕೊಂಡೇ ಬೊನಿಫಾಸ್ ಇದ್ದಲ್ಲಿಗೆ ಹೋದೆ.

“ಚಿತ್ತರಂಜನನಿಗೆ ತುಳು ಬರ್ತಿತ್ತಲ್ಲ?” ಅಂತ ಅವರನ್ನು ಕೇಳಿದೆ.

“ಎಲ್ಲಿಯ ತುಳು? ಊಟ ಆಯ್ತಾ ಅಂದರೂ ಅಂದ್, ನಿನ್ನ ಊರು ಯಾವುದು ಅಂದರೂ ಅಂದ್. ಪಾಪ, ನಾಚಿಕೆ ಅವನಿಗೆ. ನಿನಗೆ ಗೊತ್ತುಂಟು ಅಂತ ನಾನು ನೆನೆಸಿದ್ದೆ.”

ಕಾಗದ ಬರೆಯೋಣ ಅಂತ ಅಂತರ್ದೇಶಿ ತಂದೆ. ಅವನ ಹೆಸರು ಬರೆದೆ. ಆಶಾಲತಾ ನೆನಪಾದಳು. ಅವಳು ಎಂತ ತಪ್ಪು ಮಾಡಿದ್ದಾಳೆ? ಅದನ್ನು ಹಾಗೇ ಮಡಚಿ ಪ್ರಬಂಧದ ಒಳಗೆ ಇಟ್ಟೆ.

ನಿನ್ನೆ ಯಂತ್ರ ಮತ್ತೆ ಕೈಕೊಟ್ಟಿತು. ಬೊನಿಫಾಸ್ ಬರೆಯುವ ಮೊದಲೇ ನಾನು ಪುಸ್ತಕ ಎಳೆದುಕೊಂಡು ಉಮರಬ್ಬ ಮಾಸ್ಟ್ರ ಹೆಸರಿನ ಮುಂದೆ ‘ನಾಳೆ’ ಅಂತ ಬರೆದೆ.

“ಎಂತ ದೇಯಿ, ಇವತ್ತು ಕನ್ನಡದಲ್ಲಿ?” ಅಂತ ಮಾಸ್ಟ್ರು ಕೇಳಿದರು.

“ದೂರದಿಂದ ಬರುವವರೂ ಇರ್ತಾರೆ ಮಾಸ್ಟ್ರೇ” ಅಂದೆ, “ಅವರಿಗೂ ಗೊತ್ತಾಗಬೇಕಲ್ವಾ.”