ಕಂದು ಚುಕ್ಕಿಗಳು

ಹೇಳಿಬಿಡಬೇಕು ಎಂದುಕೊಂಡ ಪ್ರಶಾಂತ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಚಿಕ್ಕೇರೂರಿಗೆ ಅವನು ಬಂದದ್ದೇ ಹೇಳುವುದಕ್ಕೆ. ಅಕ್ಕ ವಾಣಿಶ್ರೀಯ ಬಲ ಮೂತ್ರಪಿಂಡವನ್ನು ಹುಬ್ಬಳ್ಳಿಯಲ್ಲಿ ತೆಗೆದಿದ್ದರು. ಅದರಲ್ಲಿದ್ದ ಗಡ್ಡೆಯ ಚೂರು ಬಂದದ್ದು ಅವನಿದ್ದ ಪ್ರಯೋಗಾಲಯಕ್ಕೆ. ಈ ಕ್ಯಾನ್ಸರ್ ಯಾರಲ್ಲಿ ಮರಳೀತು, ಯಾರಲ್ಲಿ ಮರಳಲಾರದು ಎಂದು ವಂಶವಾಹಿಗಳಲ್ಲಿ, ಜೀವಕಣಗಳಲ್ಲಿ ಗುರುತು ಹುಡುಕುವುದು ಅವನ ಕೆಲಸ. ಸಭೆಗಳಲ್ಲಿ ಆ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದ.

ಅಕ್ಕನ ಗುರುತುಗಳು ಚೆನ್ನಾಗಿರಲಿಲ್ಲ.

"ಸುಮ್ನ ಯಾಕ ಕುಂತಿಯೋ? ಪಲ್ಯ ಖಾರ ಆತೇನು?"

"ಇಲ್ಲಕ್ಕ."

"ನನ್ನ ಟೆಸ್ಟ್ ಏನಾತು?"

"ಆಗಾಕತ್ತೇತಿ."

ಅವಳು ಗಾಯದ ಕಡೆ ಒಂದು ಕೈ ಒತ್ತಿಕೊಂಡು ಬಗ್ಗಿ ಮೊಸರು ಹಾಕಿದಳು. ಅವನು ಏಳಹೋದ. "ಕುಂದ್ರು" ಎಂದು ಗದರಿದಳು. ಅವ್ವ ತೀರಿದ ಮೇಲೆ ಅವನನ್ನು ಓದಿಸಿದವಳು ಅವಳು. ಈಗ ಅವನು ಓದುತ್ತಿರುವುದು ಅವಳನ್ನು. ಇಂಥ ಮಾತು ಹೊಳೆದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಉಂಡಾದ ಮೇಲೆ ಅವಳು ಪಡಸಾಲೆಯಲ್ಲಿ ಅಡ್ಡಾದಳು. ಗಂಡ ಉಳಿವೆಪ್ಪ ಹೊಲಕ್ಕೆ ಹೋಗಿದ್ದ.

"ನೀ ದಿನಾ ನೋಡೂದು ಹೆಂಗಿರತೈತಿ, ತೋರ್ಸು."

ಮೊಬೈಲಿನಲ್ಲಿ ಸೂಕ್ಷ್ಮದರ್ಶಕದಡಿ ತೆಗೆದ ಗಡ್ಡೆಯ ಚಿತ್ರಗಳಿದ್ದವು, ಬೇರೆ ಯಾರದನ್ನಾದರೂ ತೋರಿಸಬಹುದಿತ್ತು. ಬೆರಳು ಅವಳದನ್ನೇ ತೆರೆಯಿತು. ತಿಳಿನೀಲಿಯ ಮೇಲೆ ಕಂದು ಚುಕ್ಕಿಗಳು, ಕಿಕ್ಕಿರಿದು.

"ಅಯ್ಯ, ಎಷ್ಟ ಚಂದ ಐತೋ! ಈ ಚುಕ್ಕಿ ಏನು?"

"ರೋಗದ ಜೋಡಿ ಬಡದಾಡೂ ಕಣ."

"ಇಷ್ಟ ಮಂದಿ ಅದಾರಲ್ಲ, ಚಲೋನ ಆತಲ್ಲ ಮತ್ತ?"

ಎಷ್ಟೋ ಕ್ಯಾನ್ಸರುಗಳಲ್ಲಿ ಹೌದು, ಮೂತ್ರಪಿಂಡದ್ದರಲ್ಲಿ ಬಹಳ ಸಲ ಹಾಗಲ್ಲ. ಅಷ್ಟನ್ನು ಹೇಳಬೇಕಿತ್ತು.

"ದಣಿದಾವು" ಎಂದ.

"ಯಾರದಿದು?"

"ಯಾರದೋ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನಿಗೇ ಜ್ವರ ಬಂದಿದೆಯೇನೋ ಎಂಬಂತೆ ಹಣೆ ಮುಟ್ಟಿದಳು.

"ಪಾಪ. ಅಕಿಗೆ ಹೇಳ್ಯಾರೇನು?"

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವನಿಗೇ ತಿಳಿಯಲಿಲ್ಲ.

"ಇರ್ಲಿ ಬಿಡು. ಹೇಳಾವಗ ಬಾಳ ತ್ರಾಸ."

ಮೊಬೈಲು ಇಸಿದುಕೊಂಡು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಚುಕ್ಕಿಗಳು ದೊಡ್ಡವಾದವು, ಅಂಚು ಕಳೆದುಕೊಂಡವು. ಇನ್ನೂ ಹತ್ತಿರದಿಂದ ನೋಡಬೇಕೆಂದು ಮತ್ತೆ ಹಿಗ್ಗಿಸಿದಳು, ಮತ್ತೆ. ಕೊನೆಗೆ ಪರದೆಯ ತುಂಬ ಬರೀ ಕಂದು ಉಳಿಯಿತು. ಅದರ ಮೇಲಿಟ್ಟ ಬೆರಳನ್ನು ಅವಳು ಎತ್ತಲಿಲ್ಲ.