ಎಂಟನೇ ಪುಟದ ಪಂಕ್ತಿ

“ಲೇ ಚಿಕ್ಮಾರಿ, ನನ್ ಮೊಮ್ಮಗ್ಳಿಗೆ ಯಾವತ್ತೇ ಉಣ್ಣಕ್ಕಿಕ್ದೆ ನೀನು? ಬೊಗಳೇ ಲೌಡಿ!”

ಅಂಗನವಾಡಿಯ ಹಿಂದಿನ ಗರಿ ಚಪ್ಪರದಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ಆಯಾ ಚಿಕ್ಕಮಾರಮ್ಮನ ಸೌಟು ಬಾಣಲೆಯಲ್ಲೇ ನಿಂತಿತು. ಎದುರಿಗೆ ಪಂಚಾಯ್ತಿ ಛೇರ್ಮನ್ನು ಶಿವರಾಮಯ್ಯ ನಿಂತಿದ್ದ. ಹೆಗಲ ಮೇಲಿನ ಟವೆಲ್ಲು ಅರ್ಧ ಜಾರಿದ್ದೂ ಅವನಿಗೆ ಗೊತ್ತಿರಲಿಲ್ಲ.

“ನಾನೆಲ್ಲಿ ಇಕ್ಕಾನ ಯಜಮಾನ್ರೆ? ಹನ್ನೊಂದು ಗಂಟೆಗೇ ನಿಮ್ಮಾಳು ಬಂದು ಮಗೀನ ಎತ್ಕಂಡ್ ಹೋಗ್ತಾನಲ್ಲ.”

“ಹಂಗಾರೆ ಇದೇನೇ ಇದು?”

ಪುಸ್ತಕವೊಂದು ಹಾರಿ ಬಂದು ಅವಳ ಕಾಲ ಬಳಿ ಬಿತ್ತು. ತಾನಾಗೇ ಎಂಟನೇ ಪುಟಕ್ಕೆ ತೆರೆದುಕೊಂಡಿತು. ಛೇರ್ಮನ್ನು ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದ್ದನೋ ಏನೋ. ಅದರಲ್ಲಿ ಹತ್ತೊಂಬತ್ತು ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಮೂರನೆಯವಳು ಛೇರ್ಮನ್ನನ ಮೊಮ್ಮಗಳು ಮಾನಸಾ. ಅದೇ ಎರಡು ಜುಟ್ಟು, ಅದೇ ಬಿದ್ದುಹೋದ ಮುಂದಿನ ಹಲ್ಲು, ಉಬ್ಬಿದ ಕೆನ್ನೆ, ಗಲ್ಲಕ್ಕೆ ಮೆತ್ತಿದ ಉಪ್ಪಿಟ್ಟು. ಸಾಲಿನ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದು ಬಗ್ಗಿದ್ದ ಕಪ್ಪು ಹೆಂಗಸು ಚಿಕ್ಕಮಾರಮ್ಮನೇ.

ಅವಳಿಗೆ ನಗು ಬಂತು. ಬರಬಾರದ ಹೊತ್ತು, ಆದರೂ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಿಂದಿನ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ತುಮಕೂರಿನ ಬಟವಾಡಿಯಲ್ಲಿ ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದ ನೂರ್ ಅಹಮದ್ ಈ ಊರಿಗೆ ಬಂದಿದ್ದ. ಅಂಗನವಾಡಿ ಮಕ್ಕಳಿಗೆ ಅಕ್ಷರವಿಲ್ಲದ, ಬರೀ ಚಿತ್ರದ ಪುಸ್ತಕ ಮಾಡಿಕೊಡುವ ಕೆಲಸ ಅವನಿಗೆ ಸಿಕ್ಕಿತ್ತು. ಗುಬ್ಬಿ ಸೀಮೆಯ ಮಕ್ಕಳು ಏನು ನೋಡುತ್ತಾರೆ, ಏನು ನೋಡಿ ನಗುತ್ತಾರೆ ಅಂತ ತಿಳಿಯಲು ಊರೂರು ಸುತ್ತುತ್ತಿದ್ದ. ಇಲ್ಲಿನ ಗೋಡೆಯ ಮೇಲೆ ಇದ್ದಿಲು, ಕೆಮ್ಮಣ್ಣು, ಅರಿಶಿನದಲ್ಲಿ ಬರೆದ ಮೇಕೆ, ಕೋಳಿ, ಕೆಟ್ಟು ನಿಂತ ಬಸ್ಸು ಕಂಡು ಸುತ್ತುವುದನ್ನೇ ನಿಲ್ಲಿಸಿಬಿಟ್ಟ.

“ಯಾರಮ್ಮ ಬರ್ದಿದ್ದು? ಈ ಮೇಕೆ ಈಗ್ಲೇ ಗೋಡೆಯಿಂದ ಇಳ್ದು ನನ್ ಟವೆಲ್ ತಿಂದ್ಬುಡುತ್ತೆ!”

ಮುಂದಿನ ವಾರ ಕಾಗದದ ಕಟ್ಟು, ಬಣ್ಣದ ಡಬ್ಬಿ, ಬ್ರಷ್ಷು ತಂದು ಅವಳ ಕೈಗೇ ಕೊಟ್ಟ. ಊರಿನಲ್ಲಿ ಅವಳಿಗೆ ಏನು ಕೊಡುವುದಿದ್ದರೂ ಮೇಲಿನಿಂದ ಬಿಡುವುದೇ ರೂಢಿ. ಅವಳು ಅಭ್ಯಾಸಬಲದಿಂದ ಸೆರಗೊಡ್ಡಿ ನಿಂತಿದ್ದಳು, ಅವನು ಸೆರಗು ಸರಿಸಿ ಕೈಗಿಟ್ಟಿದ್ದ.

ಅವಳಲ್ಲೊಂದು ಕುಂದಿತ್ತು. ಕಂಡ ಮುಖ ಬಿಟ್ಟರೆ ಬೇರೆ ಮುಖ ಬರೆಯಲು ಬರುತ್ತಿರಲಿಲ್ಲ.

“ಯಾವ್ದೋ ಒಂದ್ ಮಗು ಬರಿಯಮ್ಮ, ಸಾಕು,” ಅಂದಿದ್ದ ನೂರ್ ಅಹಮದ್.

“ಯಾವ್ದೋ ಒಂದ್ ಮಗೀನ ನಾನೆಲ್ ನೋಡಿದೀನಿ ಸಾಬ್ರೆ?” ಅಂದಿದ್ದಳು.

ಹಾಗಾಗಿ ಪುಸ್ತಕದ ತುಂಬ ಅಂಗನವಾಡಿಯ ಹತ್ತೊಂಬತ್ತು ಮಕ್ಕಳೇ. ದಿನವೂ ಉಪ್ಪಿಟ್ಟು ಒಲೆಯಿಂದ ಇಳಿಯುವ ಮುಂಚೆ ಊರೊಳಗಿನ ಹನ್ನೆರಡು ಮಕ್ಕಳನ್ನು ಮನೆಯವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಉಣ್ಣಲು ಉಳಿಯುತ್ತಿದ್ದವು ಕೇರಿಯ ಏಳು ಮಕ್ಕಳು. ಮಾನಸಾ ಆಳಿನ ಹೆಗಲ ಮೇಲಿಂದ ಒಗ್ಗರಣೆ ವಾಸನೆ ಬಂದ ಕಡೆಗೇ ತಿರುಗಿ ನೋಡುತ್ತ ಹೋಗುತ್ತಿದ್ದಳು. ಚಿಕ್ಕಮಾರಮ್ಮ ಎಂಟನೇ ಪುಟದಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಸರ್ಕಾರ ಎಂದೂ ಕೊಡದ ಕ್ಯಾರೆಟ್ಟು, ಬಟಾಣಿಯನ್ನೂ ಉಪ್ಪಿಟ್ಟಿಗೆ ಹಾಕಿದಳು. ತಾನು ಮಾಡಿದ್ದೆಲ್ಲ ಖಾಲಿಯಾದ ಪಂಕ್ತಿ ಅದೊಂದೇ. ಆ ಪುಟ ಮುಗಿದ ದಿನ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ ರಾತ್ರಿ ಊಟ ಮಾಡುವುದನ್ನೇ ಮರೆತಿದ್ದಳು.

ಈಗ ಛೇರ್ಮನ್ನನ ಕೂಗಿಗೆ ಅರ್ಧ ಊರು ಸೇರಿತು. ಟೀಚರ್ ಸಿದ್ದಲಕ್ಷ್ಮಮ್ಮ ಒಳಗಿನಿಂದ ಓಡಿಬಂದರು. ಪುಸ್ತಕದ ಇನ್ನೊಂದು ಕಟ್ಟನ್ನು ಲೂನಾದಿಂದ ಇಳಿಸುತ್ತಿದ್ದ ನೂರ್ ಅಹಮದ್ ಹಗ್ಗ ಕೈಯಲ್ಲಿ ಹಿಡಿದೇ ಬಂದ.

“ಇದು ಈಗ್ಲೇ ಅಳಿಸ್ಬೇಕು,” ಅಂದ ಶಿವರಾಮಯ್ಯ. “ಇಲ್ದಿದ್ರೆ ನಾಳಿಂದ ಇವ್ಳು ಇಲ್ಲಿ ಒಲೆ ಹಚ್ಚಂಗಿಲ್ಲ. ಆಫೀಸ್ಗೆ ಬರ್ದು ಕಿತ್ತಾಕಿಸ್ತೀನಿ.”

“ಒಂದ್ರಲ್ಲಿ ಅಳಿಸಿದ್ರೆ ಏನ್ ಬಂತು ಯಜಮಾನ್ರೆ? ಎರಡು ಸಾವ್ರ ಹೊಡ್ದಿದೀನಿ,” ಅಂದ ನೂರ್ ಅಹಮದ್. “ಗೂಳೂರಿಗೆ ಹಂಚಾಯ್ತು. ಕುಣಿಗಲ್ಗೆ, ಮಾರ್ಕೋನಹಳ್ಳಿ ಕಡೀಕೆ ಮೊನ್ನೇನೇ ಹೋಯ್ತು.”

“ಹೋದ್ರೆ ಏನೀಗ?”

“ಏನಿಲ್ಲ. ಅಲ್ಲೆಲ್ಲ ನಿಮ್ ಮೊಮ್ಮಗ್ಳು ಉಣ್ತಾ ಕೂತವ್ಳೆ.”

ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಅದನ್ನೇ ಕೆಮ್ಮು ಮಾಡಿಕೊಂಡರು.

“ಬೇರೆ ಊರೋರ್ ಮನೆ ಹಾಳಾಗೋಗ್ಲಿ! ನಮ್ಮೂರ್ ಪುಸ್ತಕದಲ್ಲಿ ಇರಬಾರ್ದು. ಅಳ್ಸೇ!”

“ಏನ್ ಅಳ್ಸಾನ ಯಜಮಾನ್ರೆ?” ಅಂದಳು ಚಿಕ್ಕಮಾರಮ್ಮ.

ಅಲ್ಲಿ ಕಷ್ಟ ಶುರುವಾಯಿತು. ಸೌಟು ಅಳಿಸಿದರೆ ಸಾಕೇ ಅಂತ ಟೀಚರ್ ಕೇಳಿದರು. ಛೇರ್ಮನ್ನು ಪುಸ್ತಕವನ್ನು ಹತ್ತಿರ, ದೂರ ಹಿಡಿದು ನೋಡಿದ.

“ಸೌಟು ತೆಗುದ್ರೆ ಬರೀ ಕೈಲಿ ಇಕ್ಕಿದಂಗಾಯ್ತದೆ! ಅದು ಇನ್ನೂ ಕೆಟ್ಟ.”

“ಹಂಗಾರೆ ಪಾಪೂನೇ ಅಳಿಸ್ಬುಡನ,” ಅಂದ ದಿನಾ ಮಗುವನ್ನು ಎತ್ತಿಕೊಂಡು ಹೋಗುವ ಆಳು ಚಂದ್ರು.

“ಲೇ ಬೋಳಿಮಗ್ನೆ, ನನ್ ಮೊಮ್ಮಗ್ಳನ್ನ ಅಳಿಸ್ತೀಯೇನ್ಲಾ? ಬಾಯಲ್ಲಿ ಒಳ್ಳೆ ಮಾತು ಬರಲ್ವೇನ್ಲಾ?”

“ತಪ್ಪಾಯ್ತು ಯಜಮಾನ್ರೆ. ಬಡ್ಸೋಳ್ನೇ ಬೆಳ್ಳಗ್ ಮಾಡ್ಸಿ. ಮೂಗ್ಬೊಟ್ಟು ಇಟ್ಟು, ಜರಿ ಸೀರೆ ಉಡ್ಸಿ, ನಮ್ಮ ಯಜಮಾಂತಿ ತರ ಮಾಡ್ಬುಡ್ಲಿ.”

“ನಮ್ಮನೆ ಹೆಂಗ್ಸು ಕೇರಿ ಮಕ್ಳಿಗೆಲ್ಲ ಉಪ್ಪಿಟ್ಟು ಇಕ್ಕಂಡು ಬಗ್ಗಿರ್ಬೇಕೇನ್ಲಾ?”

ಕೊನೆಗೆ ಶಿವರಾಮಯ್ಯನ ಕಣ್ಣು ಟೀಚರ್ ಮೇಲೆ ಬಿತ್ತು. ಸಿದ್ದಲಕ್ಷ್ಮಮ್ಮ ಅವನ ಜಾತಿಯವರೇ, ಬೆಳ್ಳಗೂ ಇದ್ದರು, ಎದುರು ಮಾತಾಡುವವರೂ ಅಲ್ಲ.

“ಟೀಚರಮ್ಮನ ಮುಖ ಮಾಡೇ. ನಿನ್ ಮುಖ ಬಳ್ದು, ಅಲ್ಲಿ ಇವ್ರ ಮುಖ ಬರಿ. ನನ್ನೆದುರಿಗೇ ಆಗ್ಬೇಕು.”

ಚಿಕ್ಕಮಾರಮ್ಮ ಕೈತೊಳೆದು ಬಣ್ಣದ ಡಬ್ಬಿ ತಂದಳು. ಜಗಲಿಯ ಮೇಲೆ ಪುಸ್ತಕ ಹರಡಿದಳು. ಮಕ್ಕಳೆಲ್ಲ ಹೊರಬಂದು ಮುತ್ತಿಕೊಂಡವು. ಮಾನಸಾ ಪುಟದ ಮೇಲೆ ಬೆರಳಿಟ್ಟು, “ಇದು ನಾನು, ಇದು ನಾನು,” ಎಂದು ಪಕ್ಕದವರಿಗೆ ತೋರಿಸುತ್ತಿದ್ದಳು.

ಬ್ರಷ್ಷನ್ನು ಬಿಳಿಗೆ ಅದ್ದಿದಳು. ಚಿಕ್ಕಮಾರಮ್ಮನಿಗೆ ಎಲ್ಲ ಗೊತ್ತಿತ್ತು. ಈ ಒಲೆ ಕೈತಪ್ಪಿದರೆ ಮತ್ತೆ ಇದೇ ಛೇರ್ಮನ್ನನ ತೋಟದಲ್ಲಿ ಗರಿ ಹೊರುವುದೇ ಗತಿ. ಒಂದು ಸಲ ಬಳಿದರೆ ಮುಗಿಯಿತು, ನಾಳೆಯೂ ರವೆ ಹುರಿಯಬಹುದು. ಬ್ರಷ್ಷಿನ ತುದಿ ಚಿತ್ರದ ಹೆಂಗಸಿನ ಮುಖಕ್ಕೆ ಒಂದು ಬೆರಳು ದೂರಕ್ಕೆ ಬಂತು. ಆದರೆ ಆ ಕಪ್ಪು ಹೆಂಗಸು ಎಷ್ಟು ಅಕ್ಕರೆಯಿಂದ ಬಗ್ಗಿದ್ದಳೆಂದರೆ, ಅವಳನ್ನು ಸಾಯಿಸಲು ಇವಳಿಗೆ ಮನಸ್ಸು ಬರಲಿಲ್ಲ.

“ಬಳಿಯೇ!” ಅಂತ ಶಿವರಾಮಯ್ಯ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಮುಖ ಮುಂದೆ ಚಾಚಿದ.

ಅವಳು ತಲೆಯೆತ್ತಿದಳು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಈ ಮನುಷ್ಯನ ಎಕ್ಕಡ ಮಾತ್ರ. ಈಗ ಮುಖವೇ ಮೊಳ ದೂರದಲ್ಲಿತ್ತು. ಮೂಗಿನ ಪಕ್ಕ ನರೂಲಿ. ಮೀಸೆಯ ಎಡಗಡೆ ಬಲಗಡೆಗಿಂತ ಗಿಡ್ಡ. ಅವಳು ಸಾವಕಾಶವಾಗಿ, ಒಂದೊಂದಾಗಿ ಎಲ್ಲ ನೋಡಿದಳು.

ಬ್ರಷ್ಷನ್ನು ನೀರಿಗೆ ಅದ್ದಿ ಬಿಳಿ ತೊಳೆದಳು. ಕಪ್ಪಿಗೆ ಅದ್ದಿದಳು. ಸಾಲಿನ ತುದಿಯಲ್ಲಿ, ಹತ್ತೊಂಬತ್ತನೇ ಮಗುವಿನ ಆಚೆ, ಒಂದಿಷ್ಟು ಜಾಗವಿತ್ತು. ಮೊದಲು ಮೀಸೆ ಬಂತು. ಮೀಸೆ ನೋಡಿಯೇ ಚಂದ್ರು, “ಅಯ್ಯಯ್ಯೋ!” ಅಂದ. ಆಮೇಲೆ ನರೂಲಿ, ಜಾರಿದ ಟವೆಲ್ಲು, ಹೊಟ್ಟೆ, ಚಕ್ಕಳಮಕ್ಕಳ ಹಾಕಿದ ಕಾಲು ಬಂದವು. ಕಡೆಗೆ ಕಾಲಿನ ಮುಂದೆ ಒಂದು ತಟ್ಟೆ.

“ಏನೇ ಇದು?” ಅಂದ ಶಿವರಾಮಯ್ಯ.

“ಇವತ್ತೇ ನಿಮ್ಮನ್ನ ಸರ್ಯಾಗಿ ನೋಡಿದ್ದು ಯಜಮಾನ್ರೆ. ಅದ್ಕೆ ಬರ್ದೆ.”

ಅವನು ಪುಟ ಹರಿಯಲು ಕೈ ಹಾಕಿದ. ಮೂರನೇ ಜಾಗದಲ್ಲಿ ಮೊಮ್ಮಗಳ ಬಿದ್ದುಹೋದ ಹಲ್ಲು ಅವನನ್ನೇ ನೋಡಿ ನಗುತ್ತಿತ್ತು. ಕೈ ಅಲ್ಲೇ ನಿಂತಿತು.

“ತಾತಾ!” ಮಾನಸಾ ಕುಣಿದಾಡಿದಳು. “ತಾತಾನೂ ನಮ್ ಜೊತೆ ಕೂತವ್ನೆ!” ಆಮೇಲೆ ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು. “ಆಯಮ್ಮ, ತಾತನ ತಟ್ಟೆ ಖಾಲಿ ಐತೆ. ಇಕ್ಕು.”

ಚಿಕ್ಕಮಾರಮ್ಮ ಬ್ರಷ್ಷನ್ನು ಉಪ್ಪಿಟ್ಟಿನ ಹಳದಿಗೆ ತುಂಬ ಅದ್ದಿ, ಛೇರ್ಮನ್ನನ ತಟ್ಟೆಗೆ ಬಡಿಸಿದಳು.